ಏಳು ಕಿಲೋಗಳ ಗಂಟು

ಪ್ರಯಾಣವೆಂದರೆ ಗಂಟುಮೂಟೆ ಎಂಬ ಭಾವನೆ ನಮ್ಮ ಸೀಮೆಯವರಲ್ಲಿ ಆಳವಾಗಿ ಬೇರೂರಿದೆ. ಕಲ್ಯಾಣದುರ್ಗದಿಂದ ಹಿಂದೂಪುರಕ್ಕೆ ಒಂದು ರಾತ್ರಿಯ ಮಟ್ಟಿಗೆ ಹೊರಟವರ ಕೈಯಲ್ಲಿಯೂ ಮೂರು ಚೀಲಗಳಿರುತ್ತವೆ: ಬಟ್ಟೆಯದೊಂದು, ಬುತ್ತಿಯದೊಂದು, ಬಂಧುಗಳ ಮನೆಗೆಂದು ಕಡಲೆಕಾಯಿಯದೊಂದು. ಹಿಂತಿರುಗುವಾಗ ಅವು ನಾಲ್ಕಾಗುತ್ತವೆ. ಹಿಂದೂಪುರದ ಮಾರುಕಟ್ಟೆಗೆ ಹೋಗಿ ಹುಣಿಸೆಹಣ್ಣನ್ನೂ ಬೆಲ್ಲವನ್ನೂ ತಾರದೆ ಬರುವುದುಂಟೆ? ಇಂತಹ ಸೀಮೆಯಲ್ಲಿ ಹುಟ್ಟಿ ಬೆಳೆದ ನಾವು, ತಲೆ ನರೆತ ಮೇಲೆ, ಬೆನ್ನಿಗೆ ಒಂದೇ ಚೀಲ ಹಾಕಿಕೊಂಡು ದೆಹಲಿಗೆ ಹೋಗಿಬರುವ ನಿಶ್ಚಯ ಮಾಡಿದೆವೆಂದರೆ ವಾಚಕರು ನಕ್ಕಾರು. ಆದರೆ ಈ ನಿಶ್ಚಯದ ಹಿಂದೆ ಒಂದು ಹಳೆಯ ನೋವಿದೆ.

1996 ರ ಬೇಸಿಗೆ. ಕಲ್ಯಾಣದುರ್ಗದಲ್ಲಿ ಅಕ್ಕನ ಮನೆಯಲ್ಲಿದ್ದೆವು. ಬೆಂಗಳೂರಿನ ಆಸ್ಪತ್ರೆಯಲ್ಲಿದ್ದ ತಂದೆಯವರ ಸ್ಥಿತಿ ಬಿಗಡಾಯಿಸಿದೆಯೆಂದು ಸುದ್ದಿ ಬಂತು. ಹೊರಟೆವು; ಆದರೆ ಬರಿಗೈಯಲ್ಲಿ ಹೊರಡಲಿಲ್ಲ. ಶಿಕ್ಷಕರ ತರಬೇತಿಯ ಕಾಲದಿಂದಲೂ ನಮ್ಮ ಸಂಗಾತಿಯಾಗಿದ್ದ ತಗಡಿನ ಟ್ರಂಕು, ಹಾಸಿಗೆಯ ಸುರುಳಿ, ಅಕ್ಕ ಕಟ್ಟಿಕೊಟ್ಟ ಕಡಲೆಕಾಯಿಯ ಮೂಟೆ, ಎಲ್ಲವೂ ಬಸ್ಸಿನ ಮೇಲೇರಿದವು. ಹಿಂದೂಪುರದಲ್ಲಿ ಇಳಿದಾಗ ರೈಲಿಗೆ ಇನ್ನೂ ಸಮಯವಿತ್ತು. ಬಸ್ಸಿನ ಮೇಲಿಂದ ಸಾಮಾನು ಇಳಿಸಿಕೊಂಡು, ಜಟಕಾ ಹುಡುಕಿ, ನಿಲ್ದಾಣ ಸೇರುವ ಹೊತ್ತಿಗೆ ರೈಲಿನ ಕೊನೆಯ ಡಬ್ಬಿ ನಮ್ಮ ಕಣ್ಣೆದುರಿಗೇ ಜಾರಿಹೋಯಿತು. ನಾವು ಸಂಜೆ ಆಸ್ಪತ್ರೆ ತಲುಪಿದೆವು. ತಂದೆಯವರು ಮಧ್ಯಾಹ್ನದವರೆಗೂ ನಮ್ಮ ಹೆಸರು ಹಿಡಿದು ಕೇಳುತ್ತಿದ್ದರಂತೆ. ಆಮೇಲೆ ಪ್ರಜ್ಞೆ ಮರಳಲಿಲ್ಲ. ಟ್ರಂಕಿನಲ್ಲಿದ್ದ ಯಾವ ವಸ್ತುವೂ ಆ ವಾರವೆಲ್ಲ ನಮಗೆ ಬೇಕಾಗಲಿಲ್ಲ.

ಈಗ ನಮ್ಮ ತಾಯಿಯವರಿಗೆ ಎಂಬತ್ತನಾಲ್ಕು ವರ್ಷ. ಮಗಳು ದೆಹಲಿಯಲ್ಲಿದ್ದಾಳೆ, ಬಂದುಹೋಗೆಂದು ಎರಡು ವರ್ಷಗಳಿಂದ ಕರೆಯುತ್ತಿದ್ದಾಳೆ. ತಾಯಿಯವರನ್ನು ನೋಡಿಕೊಳ್ಳಲು ನಮ್ಮ ಮನೆಯವರು ಇಲ್ಲಿಯೇ ಉಳಿಯಬೇಕು. ನಾವು ಹೋಗಬಹುದು, ಆದರೆ ಕರೆ ಬಂದ ಗಳಿಗೆಯಲ್ಲಿ ಎದ್ದು ಹೊರಡುವಂತಿರಬೇಕು. ಯಾರಿಗೂ ಕಾಯದೆ, ಯಾವುದನ್ನೂ ಇಳಿಸಿಕೊಳ್ಳದೆ ನಡೆದುಬಿಡುವಂತಿರಬೇಕು. ಹೀಗಾಗಿ ಒಂದೇ ಚೀಲ.

ವಿಮಾನದಲ್ಲಿ ದೊಡ್ಡ ಸಾಮಾನನ್ನು ಬೇರೆಯಾಗಿ ಒಪ್ಪಿಸುವ ಅನುಕೂಲವಿದೆಯಲ್ಲ ಎಂದು ಕೇಳುವವರಿದ್ದಾರೆ. ಇದೆ. ಆದರೆ ಒಪ್ಪಿಸಲು ಒಂದು ಸಾಲು, ಇಳಿದ ಮೇಲೆ ಸುತ್ತುವ ಪಟ್ಟಿಯ ಮುಂದೆ ಇನ್ನೊಂದು ಕಾಯುವಿಕೆ. ಮೇಲಾಗಿ ಹಿಂದೂಪುರದಿಂದ ಕೊಡಿಕೊಂಡದ ಹೆದ್ದಾರಿ ಹಿಡಿದು ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಹೋಗುವಾಗ ಬಸ್ಸು ಬದಲಿಸಬೇಕು. ದೆಹಲಿಯಲ್ಲಿ ಮೆಟ್ರೋ ಏರಬೇಕು. ಪ್ರತಿಯೊಂದು ಬದಲಾವಣೆಯಲ್ಲಿಯೂ ಎರಡನೆಯ ಚೀಲವು ನಮ್ಮ ಕೈಯನ್ನು ಕಟ್ಟಿಹಾಕುತ್ತದೆ.

ಚೀಲ ಕೊಳ್ಳುವುದಕ್ಕೆ ಹಿಂದೂಪುರದ ಪೇಟೆಗೆ ಹೋದೆವು. ಜೇಬಿನಲ್ಲಿ ಅಳತೆಯ ಪಟ್ಟಿಯಿತ್ತು. ನಮ್ಮ ದೇಶದೊಳಗಿನ ವಿಮಾನಗಳಲ್ಲಿ ಜೊತೆಗೆ ಒಯ್ಯುವ ಚೀಲ ಸಾಮಾನ್ಯವಾಗಿ 55 ಸೆಂಟಿಮೀಟರು ಉದ್ದ, 35 ಅಗಲ, 25 ದಪ್ಪ ಮೀರಬಾರದು. ತೂಕ 7 ಕಿಲೋ ದಾಟಬಾರದು. ಗುಣಿಸಿದರೆ 48,125 ಘನ ಸೆಂಟಿಮೀಟರು, ಅಂದರೆ 48 ಲೀಟರು. ಹಾಗೆಂದು 48 ಲೀಟರಿನ ಚೀಲ ಕೊಂಡರೆ ಮೋಸಹೋದೆವೆಂದೇ ಅರ್ಥ. ಅಷ್ಟು ಜಾಗವನ್ನು ತುಂಬಿದರೆ ತೂಕ ಏಳನ್ನು ದಾಟುವುದು ಖಂಡಿತ. ಖಾಲಿ ಜಾಗ ಕಂಡರೆ ತುಂಬದೆ ಬಿಡುವ ಗುಣ ಮನುಷ್ಯನಿಗಿಲ್ಲ. ಮೂವತ್ತರಿಂದ ಮೂವತ್ತೈದು ಲೀಟರು ಧಾರಾಳವಾಗಿ ಸಾಕು.

ಅಂಗಡಿಯವರು ಮೊದಲು ಗಾಲಿಯ ಪೆಟ್ಟಿಗೆ ತೋರಿಸಿದರು. ನೋಡಲು ಚೆಂದ, ಆದರೆ ಗಾಲಿ, ಹಿಡಿ, ಚೌಕಟ್ಟು ಸೇರಿ ಬರಿಯ ಪೆಟ್ಟಿಗೆಯೇ ಎರಡೂವರೆ ಕಿಲೋ. ಏಳರಲ್ಲಿ ಎರಡೂವರೆಯನ್ನು ಪೆಟ್ಟಿಗೆಯೇ ನುಂಗಿದರೆ ಯಜಮಾನನಿಗೆ ಉಳಿಯುವುದೇನು? ನಮ್ಮ ಊರಿನ ಮಣ್ಣುದಾರಿಯಲ್ಲಿ ಗಾಲಿ ಉರುಳುವುದೂ ಇಲ್ಲ. ಬೆನ್ನಿನ ಚೀಲವನ್ನೇ ಕೇಳಿದೆವು.

ಬಟ್ಟೆಯ ಮೇಲೆ 420, 600 ಎಂದು ಅಂಕಿಗಳಿದ್ದವು; ಡೆನಿಯರ್ ಎಂಬ ಅಳತೆ. ಒಂಬತ್ತು ಸಾವಿರ ಮೀಟರು ನೂಲಿನ ತೂಕ ಎಷ್ಟು ಗ್ರಾಮೋ ಅಷ್ಟು ಡೆನಿಯರು. ರೇಷ್ಮೆಗೂಡಿನ ಮಾರುಕಟ್ಟೆಯಿರುವ ಹಿಂದೂಪುರದಲ್ಲಿ ನೂಲು ಬಿಚ್ಚುವವರಿಗೆ ಈ ಮಾತು ಹೊಸತಲ್ಲ. ಅಂಕಿ ಹೆಚ್ಚಿದಷ್ಟೂ ನೂಲು ದಪ್ಪ, ಚೀಲ ಭಾರ. ಆದರೆ ಅಂಕಿಯೊಂದನ್ನೇ ನಂಬಬಾರದು; ತೂಕ ಸಮನಾಗಿದ್ದರೆ ಪಾಲಿಯೆಸ್ಟರಿಗಿಂತ ನೈಲಾನು ಗಟ್ಟಿ. ಚೀಲವನ್ನು ಒಳಮಗ್ಗುಲಾಗಿ ತಿರುಗಿಸಿ ಹೊಲಿಗೆ ನೋಡಿದೆವು. ಪಟ್ಟಿಯು ಚೀಲಕ್ಕೆ ಸೇರುವಲ್ಲಿ ಹಲವು ಸಾಲು ಹೊಲಿಗೆಯಿರಬೇಕು. ಚೀಲ ಕೀಳುವುದು ಅಲ್ಲಿಯೇ. ಜಿಪ್ಪನ್ನು ಹತ್ತು ಬಾರಿ ಎಳೆದೆವು. ಮೇಲಿನಿಂದ ಮಾತ್ರ ತೆರೆಯುವ ಚೀಲವನ್ನು ಬಿಟ್ಟು, ಪುಸ್ತಕದಂತೆ ಪೂರ್ತಿ ಬಿಚ್ಚಿಕೊಳ್ಳುವುದನ್ನು ಆರಿಸಿದೆವು. ತಳದಲ್ಲಿರುವ ಮಾತ್ರೆಗಾಗಿ ಬಟ್ಟೆಯನ್ನೆಲ್ಲ ಹೊರಹಾಕುವ ಪ್ರಮೇಯವಿಲ್ಲ.

ಬಳಿಕ ಅಂಗಡಿಯಲ್ಲಿದ್ದ ಅಕ್ಕಿಯ ಪೊಟ್ಟಣಗಳನ್ನು ಕೇಳಿ ತುಂಬಿಕೊಂಡು ಬೀದಿಯಲ್ಲಿ ನಾಲ್ಕು ಹೆಜ್ಜೆ ನಡೆದೆವು. ಅಂಗಡಿಯವರು ನಕ್ಕರು, ಆದರೆ ಖಾಲಿ ಚೀಲವನ್ನು ಹೊತ್ತು ನೋಡುವುದು ಎತ್ತಿಲ್ಲದ ಗಾಡಿಯನ್ನು ಪರೀಕ್ಷಿಸಿದಂತೆ. ಭಾರವಾದ ವಸ್ತು ಬೆನ್ನಿಗೆ ಒತ್ತಿಕೊಂಡಿರಬೇಕು. ಹೊರಗಿದ್ದರೆ ಹಿಂದಕ್ಕೆ ಜಗ್ಗುತ್ತದೆ. ಸೊಂಟದ ಪಟ್ಟಿಯನ್ನು ಬಿಗಿದಾಗ ಹೆಗಲಿನ ಭಾರ ಸೊಂಟಕ್ಕಿಳಿಯುತ್ತದೆ. ಬಿಗಿಯದೆ ಜೋತುಬಿಟ್ಟರೆ ಅದು ಲೇಪಾಕ್ಷಿಯ ತೂಗುಗಂಬದಂತೆ. ನೋಡುವವರಿಗೆ ಸೋಜಿಗ, ಹೊರುವುದಕ್ಕೆ ಬೇರೆಯವರು!

ಹೊರೆಯ ವಿಚಾರ ನಮ್ಮ ವೃತ್ತಿಗೂ ಹತ್ತಿರದ್ದು. ರಾಜ್ಯಸಭೆಯ ಸದಸ್ಯರಾಗಿದ್ದಾಗ ಆರ್. ಕೆ. ನಾರಾಯಣ್ ಅವರು ಮಕ್ಕಳ ಪುಸ್ತಕದ ಚೀಲದ ಭಾರವನ್ನು ಕುರಿತು ಅಲ್ಲಿ ಮಾತನಾಡಿದ್ದರು. ಮುಂದೆ ಪ್ರೊಫೆಸರ್ ಯಶ್‌ಪಾಲ್ ಅವರ ಸಮಿತಿಯು 1993 ರಲ್ಲಿ ವರದಿ ಕೊಟ್ಟಿತು. ಬೆನ್ನಿನ ಚೀಲಕ್ಕಿಂತ ಅರ್ಥವಾಗದ ಪಾಠದ ಹೊರೆಯೇ ದೊಡ್ಡದೆಂಬುದು ಅದರ ತಿರುಳು. ಶಾಲಾ ಚೀಲವು ಮಗುವಿನ ತೂಕದ ಹತ್ತನೆಯ ಒಂದು ಪಾಲನ್ನು ಮೀರಬಾರದೆಂದು 2020 ರ ನೀತಿ ಹೇಳುತ್ತದೆ. ನಮ್ಮ ತೂಕ ಎಪ್ಪತ್ತು ಕಿಲೋ. ವಿಮಾನದವರ ಏಳು ಕಿಲೋ ನಮ್ಮ ಪಾಲಿಗೆ ಸರಿಯಾಗಿ ಅದೇ ಲೆಕ್ಕ! ಮಕ್ಕಳಿಗೆ ಹೇಳುವ ಮಾತನ್ನು ಮಾಸ್ತರರೂ ಪಾಲಿಸುವ ಅವಕಾಶ ಒದಗಿತು.

ಮನೆಯಲ್ಲಿ ಲೆಕ್ಕ ಹಾಕಿದೆವು. ಚೀಲ 1 ಕಿಲೋ 100 ಗ್ರಾಂ. ಬಟ್ಟೆ 2 ಕಿಲೋ 400: ಒಗೆದರೆ ರಾತ್ರಿಯಲ್ಲಿ ಒಣಗುವ ಮೂರು ಅಂಗಿ, ಎರಡು ಷರಾಯಿ, ಒಂದು ಪಂಚೆ, ಟವಲು, ಒಳಬಟ್ಟೆ. ಔಷಧ, ಕನ್ನಡಕ, ಕಾಗದಪತ್ರ, ಫೋನಿನ ಸಾಮಗ್ರಿ 900 ಗ್ರಾಂ. ಉಳಿದದ್ದು 2 ಕಿಲೋ 600.

“ಮಗಳ ಮನೆಗೆ ಬರಿಗೈಯಲ್ಲಿ ಹೋಗುತ್ತೀರೇನು?” ಎಂದರು ನಮ್ಮ ಮನೆಯವರು. ನ್ಯಾಯವಾದ ಮಾತೇ. ಮೆಣಸಿನಪುಡಿಯನ್ನು ಕೈಚೀಲದಲ್ಲಿ ಬಿಡುವುದಿಲ್ಲವೆಂದು ತಿಳಿಸಿದಾಗ ಅವರ ಮುಖ ಸಣ್ಣದಾಯಿತು. ಕೊನೆಗೆ ಒಂದು ಕಿಲೋ ರಾಗಿಹಿಟ್ಟು, ಒಂದು ಕಿಲೋ ಕಡಲೆಕಾಯಿ ಚಿಕ್ಕಿ, ನಾವು ಓದಲೆಂದು 600 ಗ್ರಾಂ ಪುಸ್ತಕ ಎಂದು ಒಪ್ಪಂದವಾಯಿತು.

ಅಷ್ಟರಲ್ಲಿ ಒಳಗಿನಿಂದ ತಾಯಿಯವರು ಕರೆದರು. ಮಂಚದ ಮೇಲೆ ಒಂದು ಪುಟ್ಟ ಕೌದಿ. ತಮ್ಮ ಹಳೆಯ ಸೀರೆಗಳನ್ನೂ ತಂದೆಯವರ ಪಂಚೆಯ ತುಂಡೊಂದನ್ನೂ ಸೇರಿಸಿ, ಕಾಣದ ಕಣ್ಣಿನಲ್ಲಿ, ಮರಿಮಗನಿಗೆಂದು ಹೊಲಿದಿದ್ದರು. “ಇದಕ್ಕೆ ಜಾಗ ಆಗ್ತದೇನಪ್ಪ?” ಎಂದರು. ತೂಗಿದೆವು: ಒಂದೂವರೆ ಕಿಲೋ.

ಚಿಕ್ಕಿಯನ್ನು ತೆಗೆದೆವು. ನಮ್ಮ ಪುಸ್ತಕಗಳನ್ನೂ ತೆಗೆದೆವು. ನೂರು ಗ್ರಾಂ ಉಳಿಯಿತು. ಅಲ್ಲಿಗೆ ಕನ್ನಡದ ಅಕ್ಷರಮಾಲೆಯ ತೆಳು ಪುಸ್ತಕವೊಂದನ್ನು ಸೇರಿಸಿದೆವು. ದೆಹಲಿಯಲ್ಲಿ ಬೆಳೆಯುತ್ತಿರುವ ಹುಡುಗ ನಮ್ಮೊಡನೆ ಫೋನಿನಲ್ಲಿ ಕನ್ನಡ ಮಾತನಾಡುತ್ತಾನೆ, ಓದಲಾರ. ತಕ್ಕಡಿ ಸರಿಯಾಗಿ ಏಳು ತೋರಿಸಿತು.

“ಹೋಗಿ ಬಾ” ಎಂದರು ತಾಯಿಯವರು. “ಬೇಗ ಬಾ” ಎನ್ನಲಿಲ್ಲ. ಆದರೆ ಬೇಗ ಬರುವ ಸಿದ್ಧತೆ ನಮ್ಮ ಬೆನ್ನಿನ ಮೇಲಿದೆ. ತಗಡಿನ ಟ್ರಂಕು ಈಗ ಹಿಂದಿನ ಕೋಣೆಯಲ್ಲಿ ಹಳೆಯ ಹಾಜರಿ ಪುಸ್ತಕಗಳನ್ನು ಕಾಯುತ್ತಿದೆ. ಅದರ ಮೇಲೆ ನಮಗೆ ಸಿಟ್ಟಿಲ್ಲ. ಅದನ್ನು ತುಂಬಿದವರು ನಾವೇ ಅಲ್ಲವೆ?