ಹೊಲದ ಕವಣೆ, ಕಡಲ ಕವಣೆ

ನವಲಗುಂದದ ಎರೆಭೂಮಿಯಲ್ಲಿ ಹಿಂಗಾರಿ ಜೋಳ ತೆನೆಗಟ್ಟಿದಾಗ ಹೊಲದ ನಡುವೆ ಅಟ್ಟಣೆ ಏಳುವುದು ಹಳೆಯ ವಾಡಿಕೆ. ಅದರ ಮೇಲೆ ನಿಂತವನು ಕವಣೆಯನ್ನು ಬೀಸಿ ಕಲ್ಲನ್ನು ಬಿಟ್ಟನೆಂದರೆ ಹಕ್ಕಿಗಳ ಹಿಂಡು ಚದುರಿ ಹೋಗುತ್ತದೆ. ಗೇಣು ಜಾಗದಲ್ಲಿ ತೋಳಿನ ಬಲ ಮಹಾವೇಗವಾಗಿ ಪರಿಣಮಿಸುವ ಈ ಚಮತ್ಕಾರವನ್ನು ಮನಸ್ಸಿನಲ್ಲಿಟ್ಟುಕೊಂಡು ವಾಚಕರು ನಮ್ಮೊಡನೆ ಪಡುವಣಕ್ಕೆ ಬರಬೇಕು.

ಹುಬ್ಬಳ್ಳಿಯನ್ನು ದಾಟಿದರೆ ಬಣ್ಣದ ತೊಟ್ಟಿಲುಗಳಿಗೆ ಹೆಸರಾದ ಕಲಘಟಗಿ. ಅಲ್ಲಿಂದ ಮುಂದೆ ಬಯಲು ಕಾಡಾಗುತ್ತದೆ. ಯಲ್ಲಾಪುರವನ್ನು ಹಿಂದಿಕ್ಕಿ ಅರಬೈಲು ಘಟ್ಟವನ್ನಿಳಿದರೆ ಅಂಕೋಲೆ; ಅಲ್ಲಿಂದ ಕಾರವಾರದ ಹಾದಿಯಲ್ಲಿ, ಅರಗಾದ ಬಳಿ, ನೌಕಾಪಡೆಯ ‘ಕದಂಬ’ ನೆಲೆ. ಬನವಾಸಿಯ ಅರಸುಮನೆತನದ ಹೆಸರನ್ನು ಹೊತ್ತ ಇದು ೨೦೦೫ರಲ್ಲಿ ಸೇವೆಗೆ ಬಂದಿತು. ವಿಮಾನವಾಹಕ ನೌಕೆ ‘ವಿಕ್ರಮಾದಿತ್ಯ’ದ ತವರು ಇದೇ.

ನೆಲದ ಮೇಲೆ ವಿಮಾನಕ್ಕೆ ಮೈಲುದ್ದದ ಓಟದ ಹಾದಿಯುಂಟು. ಹಡಗಿನ ಮೇಲೆ ಕೆಲವು ನೂರು ಅಡಿ ಮಾತ್ರ. ಆದುದರಿಂದ ‘ವಿಕ್ರಮಾದಿತ್ಯ’ದಲ್ಲಿಯೂ, ೨೦೨೨ರಲ್ಲಿ ಸೇವೆಗೆ ಸೇರಿದ ಹೊಸ ‘ವಿಕ್ರಾಂತ’ದಲ್ಲಿಯೂ ಹಾದಿಯ ತುದಿಯನ್ನು ಮೇಲಕ್ಕೆ ಬಾಗಿಸಿದ್ದಾರೆ. ವಿಮಾನ ಸ್ವಂತ ಎಂಜಿನ್ನಿನ ಬಲದಿಂದಲೇ ಓಡಿ ಆ ಏರಿನಿಂದ ಚಿಮ್ಮುತ್ತದೆ. ಬೆಂಗಳೂರಿನಲ್ಲಿ ರೂಪುಗೊಂಡ ನೌಕಾ ‘ತೇಜಸ್’ ೨೦೨೦ರ ಜನವರಿಯಲ್ಲಿ ‘ವಿಕ್ರಮಾದಿತ್ಯ’ದಿಂದ ಹಾರಿದ್ದು ಹೀಗೆಯೇ. ಆದರೆ ಇಂಧನ, ಆಯುಧಗಳ ಪೂರ್ಣಭಾರವನ್ನು ಹೊತ್ತು ಈ ಏರಿನಿಂದ ಏಳುವುದು ಕಷ್ಟ. ಹಗುರಾಗಿ ಹೊರಟ ವಿಮಾನ ಬೇಗನೆ ಮರಳಬೇಕು. ಶತ್ರುವನ್ನು ದೂರದಿಂದಲೇ ಕಾಣುವ ಭಾರಿ ರಾಡಾರ್ ವಿಮಾನಗಳಂತೂ ಏಳಲಾರವು. ಆ ಕೆಲಸ ಹೆಲಿಕಾಪ್ಟರಿನ ಪಾಲಿಗೆ ಬಂದಿದೆ.

ಹಡಗಿನ ಕವಣೆ ನಮಗೆ ಹೊಸದೇನಲ್ಲ. ೧೯೬೧ರಲ್ಲಿ ಸೇವೆಗೆ ಬಂದ ಮೊದಲ ‘ವಿಕ್ರಾಂತ’ದಲ್ಲಿ ಉಗಿಯ ಕವಣೆಯಿತ್ತು. ೧೯೭೧ರ ಯುದ್ಧದ ವೇಳೆಗೆ ಅದರ ಒಂದು ಬಾಯ್ಲರು ಬಿರುಕುಬಿಟ್ಟಿದ್ದರೂ, ಸೀಹಾಕ್ ವಿಮಾನಗಳು ಅದರಿಂದಲೇ ಚಿಮ್ಮಿ ಕಾಕ್ಸ್ ಬಜಾರಿನ ಮೇಲೆ ಎರಗಿದುವು.

ಈಗಿನ ಹೊಸ ಕವಣೆ ವಿದ್ಯುತ್ತಿನದು. ಹೊಲದಲ್ಲಿ ನೀರೆತ್ತುವ ಮೋಟಾರಿನ ದುಂಡು ಸುರುಳಿಗಳನ್ನು ಬಿಚ್ಚಿ ಹಳಿಯಂತೆ ನೆಟ್ಟಗೆ ಹಾಸಿದರೆಂದು ಭಾವಿಸಿರಿ. ಸುತ್ತುತ್ತಿದ್ದ ಕಾಂತಬಲ ಮುಂದಕ್ಕೆ ಓಡತೊಡಗುತ್ತದೆ. ೨೦೧೭ರಲ್ಲಿ ಸೇವೆಗೆ ಬಂದ ಅಮೆರಿಕದ ‘ಜೆರಾಲ್ಡ್ ಫೋರ್ಡ್’ ನೌಕೆಯಲ್ಲಿ ಇಂಥ ಹಾದಿ ಸುಮಾರು ೩೦೦ ಅಡಿ. ತಿರುಗುವ ಯಂತ್ರಗಳಲ್ಲಿ ಕೂಡಿಟ್ಟ ಶಕ್ತಿ ಎರಡು ಮೂರು ಸೆಕೆಂಡುಗಳಲ್ಲಿ ಹೊರಬಿದ್ದು, ವಿಮಾನಕ್ಕೆ ಗಂಟೆಗೆ ೨೪೦ ಕಿಲೋಮೀಟರಿನಷ್ಟು ವೇಗವನ್ನು ಕೊಡಬಲ್ಲುದು. ಹಗುರವಾದುದನ್ನು ಮೆಲ್ಲಗೆ, ಭಾರವಾದುದನ್ನು ಬಲವಾಗಿ, ಹದವರಿತು ತಳ್ಳುವುದೇ ಇದರ ಹೆಚ್ಚುಗಾರಿಕೆ. ೨೦೨೫ರಲ್ಲಿ ಚೀನಾದ ‘ಫೂಜಿಯಾನ್’ ನೌಕೆಯೂ ವಿದ್ಯುತ್ ಕವಣೆಯೊಡನೆ ಸೇವೆಗಿಳಿಯಿತು.

ಕಾರವಾರದ ದಂಡೆಯಲ್ಲಿ ನಿಂತಾಗ ಮೂತಿ ಮೇಲೆತ್ತಿದ ನೌಕೆಯೊಂದು ದೂರದಲ್ಲಿ ಕಂಡರೆ, ಆ ಬಾಗು ಅಂದಕ್ಕಾಗಿ ಅಲ್ಲವೆಂದು ಮಕ್ಕಳಿಗೆ ತಿಳಿಸಿರಿ. ನಮ್ಮ ವಿಮಾನ ಎಷ್ಟು ಭಾರ ಹೊತ್ತು, ಎಷ್ಟು ದೂರ ಕಾವಲು ಕಾಯಬಲ್ಲುದೆಂಬ ಎಲ್ಲೆ ಅಲ್ಲಿಯೇ ಗೊತ್ತಾಗುತ್ತದೆ.