ತಂತಿ ಹಣ್ಣು ಬಿಡುತ್ತದೆಯೇ?

ಮಕ್ಕಳೇ, ಶಾಲೆಯ ಪ್ರವಾಸದಲ್ಲಿ ನೀವು ಬೇಲೂರು, ಹಳೇಬೀಡು ನೋಡಿರಬಹುದು. 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಹೊಯ್ಸಳರ ದೇವಾಲಯಗಳು ಅಲ್ಲಿವೆ. ಅದೇ ಬೇಲೂರು ತಾಲ್ಲೂಕಿನ ಮಾದಿಹಳ್ಳಿ ನನ್ನೂರು. ಪ್ರವಾಸಿಗರು ನಮ್ಮೂರಲ್ಲಿ ಇಳಿಯುವುದು ಕಡಿಮೆ. ಆದರೂ ಯಾರಾದರೂ ಬಂದರೆ ನಾನು ಅವರನ್ನು ಮೊದಲು ಹೊಲದ ಬದುವಿಗೆ ಕರೆದುಕೊಂಡು ಹೋಗುತ್ತೇನೆ. ಅಲ್ಲಿ ನನ್ನ ಚೆರ್ರಿ ಗಿಡಗಳಿವೆ.

ನಾನು ಚಿಕ್ಕವನಿದ್ದಾಗ ನಮ್ಮ ಹೊಲದ ಸುತ್ತ ಕವಳೆ ಬೇಲಿ ಇತ್ತು. ಕೆಲವು ಕಡೆ ಇದನ್ನು ಕವಳಿ, ಕರಂಡೆ ಎಂದೂ ಕರೆಯುತ್ತಾರೆ. ಕವಲೊಡೆದ ಗಟ್ಟಿ ಮುಳ್ಳು, ಮಲ್ಲಿಗೆಯಂಥ ಬಿಳಿ ಹೂವು. ಕಾಯಿ ಮೊದಲು ಹಸಿರು, ಆಮೇಲೆ ಕೆಂಪು, ಪೂರ್ತಿ ಹಣ್ಣಾದರೆ ಕಡುನೇರಳೆ. ಬೇಸಿಗೆ ರಜೆಯಲ್ಲಿ ಅಕ್ಕ ಮುತ್ತುಗದ ಎಲೆಯ ದೊನ್ನೆ ಹಿಡಿದು ಮುಂದೆ, ನಾನು ಹಿಂದೆ. ಕೈ ತರಚಿಕೊಂಡು ಕಿತ್ತ ಹಣ್ಣು ನನ್ನ ಬಾಯಿಗೆ, ಎಳೆಗಾಯಿ ಅಮ್ಮನ ಉಪ್ಪಿನಕಾಯಿ ಜಾಡಿಗೆ. ಅಕ್ಕ ಮದುವೆಯಾಗಿ ಹೋದ ಮೇಲೂ ವರ್ಷಕ್ಕೊಮ್ಮೆ ಬಂದು ಕಾಯಿ ಕಿತ್ತುಕೊಂಡು ಹೋಗುವುದನ್ನು ತಪ್ಪಿಸಲಿಲ್ಲ.

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿ ಊರೂರು ಸುತ್ತಿ, ನಿವೃತ್ತನಾಗಿ 2010ರಲ್ಲಿ ಮಾದಿಹಳ್ಳಿಗೆ ಮರಳಿದೆ. ಬೇಲಿ ಎರಡಾಳು ಎತ್ತರ ಬೆಳೆದು ಹೊಲದೊಳಕ್ಕೆ ಚಾಚಿತ್ತು. ಲೆಕ್ಕ ಹಾಕುವುದೇ ನನ್ನ ಕಸುಬಲ್ಲವೇ? ಬೇಲಿ ತಿಂದ ಜಾಗ ಇಷ್ಟು, ಅದರಲ್ಲಿ ಬೆಳೆಯಬಹುದಾದ ಜೋಳ ಇಷ್ಟು ಎಂದು ಬರೆದು ಕೂಡಿಸಿದೆ. ಒಂದೇ ದಿನದಲ್ಲಿ ಯಂತ್ರ ತರಿಸಿ ಬುಡಸಮೇತ ಕೀಳಿಸಿದೆ. ಕಲ್ಲುಕಂಬ ನೆಟ್ಟು ಮುಳ್ಳುತಂತಿ ಎಳೆಸಿದೆ. ಅಕ್ಕನಿಗೆ ಒಂದು ಮಾತೂ ಹೇಳಿರಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಅಕ್ಕ ಚೀಲ ಹಿಡಿದು ಬಂದಳು. ಹೊಲದ ಅಂಚಿನಲ್ಲಿ ತುಂಬ ಹೊತ್ತು ನಿಂತಳು. "ತಂತಿ ಹಣ್ಣು ಬಿಡುತ್ತೇನೋ ತಮ್ಮಾ?" ಎಂದಳು, ಅಷ್ಟೇ. ಬೈದಿದ್ದರೆ ಎದುರು ಮಾತಾಡಿ ಹಗುರಾಗುತ್ತಿದ್ದೆ. ಖಾಲಿ ಚೀಲ ಮಡಿಸಿಕೊಂಡು ಹೋದಳು. ಆ ಮಳೆಗಾಲದಲ್ಲಿ ಬೇರಿನ ಹಿಡಿತವಿಲ್ಲದ ಬದು ಎರಡು ಕಡೆ ಕುಸಿಯಿತು. ಬೇಲಿಯಲ್ಲಿ ಗೂಡು ಕಟ್ಟುತ್ತಿದ್ದ ಪಿಕಳಾರ ಹಕ್ಕಿಗಳೂ ಬರಲಿಲ್ಲ. ಇವು ಯಾವುವೂ ನನ್ನ ಲೆಕ್ಕದಲ್ಲಿ ಇರಲಿಲ್ಲ.

2019ರ ಬೇಸಿಗೆ ರಜೆಗೆ ಬೆಂಗಳೂರಿನಿಂದ ಮೊಮ್ಮಗಳು ಬಂದಳು. ಹಳೇಬೀಡಿನ ದೇವಸ್ಥಾನ ತೋರಿಸಿ ವಾಪಸು ಬರುವಾಗ ಬೇಕರಿಯಲ್ಲಿ ಕೇಕ್ ಕೊಡಿಸಿದೆ. ಅವಳು ಕೇಕಿನ ಮೇಲಿನ ಕೆಂಪು ಹಣ್ಣನ್ನು ಎತ್ತಿ ಹಿಡಿದು, "ತಾತಾ, ನಮ್ಮ ಹೊಲದಲ್ಲಿ ಚೆರ್ರಿ ಗಿಡ ಹಾಕೋಣ" ಎಂದಳು. ಅದು ಕಾಶ್ಮೀರ, ಹಿಮಾಚಲದಲ್ಲಿ ಬೆಳೆಯುವ ಹಣ್ಣು, ಚಳಿಗಾಲದ ಕೊರೆಯುವ ಚಳಿ ಇಲ್ಲದೆ ಫಲ ಬಿಡುವುದಿಲ್ಲ ಎಂದು ನಾನು ಪಾಠ ಶುರು ಮಾಡಿದೆ. ಬೇಕರಿಯವರು ನಕ್ಕರು. "ಅದು ಆ ಚೆರ್ರಿ ಅಲ್ಲ ಸಾರ್, ಕವಳೆಕಾಯಿ! ಬೀಜ ತೆಗೆದು, ಉಪ್ಪುನೀರಲ್ಲಿ ನೆನೆಸಿ, ಸಕ್ಕರೆ ಪಾಕದಲ್ಲಿ ಬೇಯಿಸಿ, ಕೆಂಪು ಬಣ್ಣ ಕಟ್ಟಿರ್ತಾರೆ."

ಬೇಕರಿಗಳಲ್ಲಿ ಚೆರ್ರಿ ಎಂದು ಮಾರುವುದು ಬಹಳ ಸಲ ಕವಳೆಯೇ. ಊರೂರಲ್ಲಿ ಅಯ್ಯಂಗಾರ್ ಬೇಕರಿ ನಡೆಸುವವರಲ್ಲಿ ಎಷ್ಟೋ ಜನ ನಮ್ಮ ಹಾಸನ ಜಿಲ್ಲೆಯವರು. ನಮ್ಮ ಬೇಲಿಯ ಹಣ್ಣು ವೇಷ ಹಾಕಿಕೊಂಡು ನಮ್ಮವರ ಕೇಕಿನ ಮೇಲೇ ಕೂತಿತ್ತು, ನನಗೆ ಗುರುತು ಸಿಕ್ಕಿರಲಿಲ್ಲ! "ಹಾಗಾದರೆ ನಮ್ಮ ಹೊಲದಲ್ಲಿ ಬೆಳೆಯುತ್ತಾ ತಾತಾ?" ಎಂದಳು ಮೊಮ್ಮಗಳು. "ಬೆಳೆಯುತ್ತಿತ್ತು. ನಾನೇ ಕೀಳಿಸಿಬಿಟ್ಟೆ" ಎಂದು ಒಪ್ಪಿಕೊಳ್ಳಬೇಕಾಯಿತು.

ಮರುದಿನವೇ ಇಬ್ಬರೂ ಹಳೇಬೀಡಿನ ಹತ್ತಿರದ ಪುಷ್ಪಗಿರಿ ಬೆಟ್ಟದ ಕಡೆ ಹೊರಟೆವು. ದಾರಿ ಬದಿಯ ಒಂದು ಪೊದೆಯಲ್ಲಿ ಹಣ್ಣು ಸಿಕ್ಕಿತು. ಕವಳೆ ಬೀಜ ಒಣಗಿಸಿಟ್ಟರೆ ಬೇಗ ಜೀವ ಕಳೆದುಕೊಳ್ಳುತ್ತದೆ. ಹಾಗಾಗಿ ಹಣ್ಣು ತಿಂದ ಕೂಡಲೇ ಬೀಜ ತೊಳೆದು, ಮಣ್ಣು ಗೊಬ್ಬರ ತುಂಬಿದ ಚೀಲಗಳಲ್ಲಿ ಹಾಕಿದೆವು. ಮರುವರ್ಷದ ಮುಂಗಾರಿನಲ್ಲಿ ತಂತಿಯ ಒಳಬದಿಗೆ, ಮೂರು ಅಡಿಗೊಂದರಂತೆ ಸಸಿಗಳನ್ನು ನೆಟ್ಟೆ.

ನೀವೂ ಬೆಳೆಸುವುದಾದರೆ ಕೇಳಿ. ಕವಳೆಗೆ ಚೆನ್ನಾಗಿ ಬಿಸಿಲು ಬೇಕು, ಬುಡದಲ್ಲಿ ನೀರು ನಿಲ್ಲಬಾರದು. ಮೊದಲ ಬೇಸಿಗೆಯಲ್ಲಿ ವಾರಕ್ಕೊಮ್ಮೆ ನೀರು ಹಾಕಿ. ಬೇರು ಇಳಿದ ಮೇಲೆ ಅದು ಬರಗಾಲಕ್ಕೂ ಹೆದರುವುದಿಲ್ಲ. ಹೂವು ಎಳೆ ಕವಲಿನ ತುದಿಯಲ್ಲಿ ಬರುತ್ತದೆ. ಬೇಲಿ ಅಂದವಾಗಲಿ ಎಂದು ಹೂ ಬಿಡುವ ಕಾಲದಲ್ಲಿ ಕತ್ತರಿಸಿದರೆ ಆ ವರ್ಷದ ಹಣ್ಣು ಹೋದಂತೆ. ಹಣ್ಣು ಮುಗಿದ ಮೇಲೆಯೇ ಸವರಬೇಕು. ಹೊಲವಿಲ್ಲದವರು ದೊಡ್ಡ ಕುಂಡದಲ್ಲಿ ಒಂದು ಗಿಡ ಬೆಳೆಸಬಹುದು. ಆದರೆ ಮುಳ್ಳಿದೆ, ನೀವು ಓಡಾಡಿ ಆಡುವ ಜಾಗ ಬೇಡ.

ಇನ್ನೊಂದು ಎಚ್ಚರಿಕೆ. ಕವಳೆಯ ಕಾಯಿ ಕಿತ್ತರೆ ಬಿಳಿ ಹಾಲು ಒಸರುತ್ತದೆ. ವಿಷದ ಕಣಗಿಲೆಯೂ ಇದೇ ಕುಟುಂಬದ ಗಿಡ. ಗುಡ್ಡದಲ್ಲಿ ಕಂಡ ಯಾವ ಹಣ್ಣನ್ನೂ ಗೊತ್ತಿರುವ ಹಿರಿಯರಿಗೆ ತೋರಿಸದೆ ಬಾಯಿಗೆ ಹಾಕಬೇಡಿ.

ಮೂರು ವರ್ಷದ ಠೇವಣಿ ಇಟ್ಟಂತೆ ಕಾದೆ. 2023ರ ಮೇ ತಿಂಗಳಲ್ಲಿ ನಾಲ್ಕು ಗಿಡಗಳು ಫಲ ಬಿಟ್ಟವು, ಒಟ್ಟು ಎರಡು ಹಿಡಿ. ಮುತ್ತುಗದ ಎಲೆಯಲ್ಲಿ ಕಟ್ಟಿಕೊಂಡು, ಮೊಮ್ಮಗಳ ಜೊತೆ ಬಸ್ಸು ಹತ್ತಿ ಅಕ್ಕನ ಮನೆಗೆ ಹೋದೆ. ಅಕ್ಕನಿಗೀಗ ಕಣ್ಣು ಮಂಜು. ಪೊಟ್ಟಣ ಬಿಚ್ಚಿ ಬೆರಳಿನಿಂದ ಮುಟ್ಟಿ ನೋಡಿದಳು. ಒಂದನ್ನು ಬಾಯಿಗೆ ಹಾಕಿಕೊಂಡು ಹುಳಿಗೆ ಮುಖ ಕಿವಿಚಿದಳು.

"ಉಪ್ಪಿನಕಾಯಿಗೆ ಸಾಲದು ಕಣೋ" ಎಂದಳು. ಆಮೇಲೆ ಮೊಮ್ಮಗಳ ಕಡೆ ತಿರುಗಿ, "ಮುಂದಿನ ವರ್ಷ ನಾನೇ ಬರ್ತೀನಿ ಪುಟ್ಟಿ. ನಿಮ್ಮ ತಾತನ ಕೈಗೆ ಕತ್ತರಿ ಕೊಡಬೇಡ" ಎಂದಳು.