ಆಸ್ಪತ್ರೆ ತೆಂಕಕ್ಕೆ ತಿರುಗಿದ ಕಾಲ

ನಮ್ಮ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆಯವರು "ಒಮ್ಮೆ ಡಾಕ್ಟ್ರಲ್ಲಿಗೆ ಹೋಗಿ ಬರ್ತೇನೆ" ಅಂದರೆ ಯಾವ ಊರಿಗೆ ಎಂದು ಯಾರೂ ಕೇಳುವುದಿಲ್ಲ. ಮಂಗಳೂರಿಗೇ. ರೇಶನ್ ಕಾರ್ಡು ಕೇರಳದ್ದು, ಓಟು ಕೇರಳದಲ್ಲಿ. ಬಸಿರು, ಬಾಣಂತನ, ಕಿಡ್ನಿ ಕಲ್ಲು, ಹೃದಯದ ಬ್ಲಾಕು ಮಾತ್ರ ಕರ್ನಾಟಕಕ್ಕೆ. ತಲಪಾಡಿ ದಾಟಿದರೆ ದೇರಳಕಟ್ಟೆಯ ಮೆಡಿಕಲ್ ಕಾಲೇಜುಗಳು ಕೈಯಳತೆಯಲ್ಲಿವೆ. ತೆಂಕಕ್ಕೆ ಹೊರಟರೆ ಕಣ್ಣೂರಿನ ಪರಿಯಾರಂ ಮುಟ್ಟುವಷ್ಟರಲ್ಲಿ ರೋಗಿಯ ಜೊತೆಗೆ ಹೋದವನೂ ಸುಸ್ತಾಗಿರುತ್ತಾನೆ. ಎಂಡೋಸಲ್ಫಾನ್ ಪೀಡಿತರ ಚಿಕಿತ್ಸೆಗೆಂದು ಕೇರಳ ಸರಕಾರ ಗೊತ್ತುಮಾಡಿದ ಆಸ್ಪತ್ರೆಗಳಲ್ಲಿ ಮಂಗಳೂರಿನವೂ ಇದ್ದವು. 1956ರಲ್ಲಿ ಎಳೆದ ಗಡಿಯನ್ನು ನಮ್ಮ ಕಾಯಿಲೆಗಳು ಒಪ್ಪಿಕೊಂಡದ್ದೇ ಇಲ್ಲ.

2020ರ ಮಾರ್ಚ್ ಕೊನೆಯಲ್ಲಿ ಕೋವಿಡ್ ಹೆದರಿಕೆಗೆ ಕರ್ನಾಟಕ ಗಡಿ ಮುಚ್ಚಿತು, ಆ ದಾರಿಗೆ ಲಾರಿಗಟ್ಟಲೆ ಮಣ್ಣು ಬಿತ್ತು. ಆಗ ಕೇರಳದಲ್ಲೇ ಹೆಚ್ಚು ಸೋಂಕು ಕಾಸರಗೋಡಿನಲ್ಲಿ ಇತ್ತು, ಹಾಗಾಗಿ ಆಚೆಯವರು ಹೆದರಿದ್ದನ್ನು ನಾನು ಪೂರ್ತಿ ತಪ್ಪೆನ್ನುವುದಿಲ್ಲ. ಆದರೆ ಹೆದರಿಕೆಗೆ ಜ್ವರ ಯಾವುದು, ಹೃದಯಾಘಾತ ಯಾವುದು ಎಂಬ ಭೇದ ಇರಲಿಲ್ಲ. ಗಡಿಯಲ್ಲಿ ಆಂಬುಲೆನ್ಸ್ ತಿರುಗಿ ಬಂದು ರೋಗಿಗಳು ತೀರಿಕೊಂಡರು. ವಿಷಯ ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಗಿ, ಕೋವಿಡ್ ಅಲ್ಲದ ತುರ್ತು ರೋಗಿಗಳನ್ನು ಯಾವ ಕ್ರಮದಲ್ಲಿ ಬಿಡಬೇಕೆಂದು ಒಪ್ಪಂದವಾದದ್ದು ಏಪ್ರಿಲ್ 7ಕ್ಕೆ.

ಅಷ್ಟರಲ್ಲಿ ಜಿಲ್ಲೆ ತೆಂಕಕ್ಕೆ ಮುಖ ತಿರುಗಿಸಿಯಾಗಿತ್ತು. ಉಕ್ಕಿನಡ್ಕದಲ್ಲಿ 2013ರಲ್ಲಿ ಶಿಲಾನ್ಯಾಸವಾದ ಸರಕಾರಿ ಮೆಡಿಕಲ್ ಕಾಲೇಜು ವರ್ಷಗಟ್ಟಲೆ ಅರೆಬರೆ ಕಟ್ಟಡವಾಗಿಯೇ ನಿಂತಿತ್ತು. ಅದನ್ನು ಕೆಲವೇ ದಿನಗಳಲ್ಲಿ ಕೋವಿಡ್ ಆಸ್ಪತ್ರೆ ಮಾಡಿದರು. ತಿರುವನಂತಪುರ ಮೆಡಿಕಲ್ ಕಾಲೇಜಿನಿಂದ ಡಾಕ್ಟರು, ನರ್ಸುಗಳ ತಂಡವೊಂದು ಕೇರಳದ ಒಂದು ತುದಿಯಿಂದ ಇನ್ನೊಂದು ತುದಿಗೆ ಬಂದಿಳಿಯಿತು. ಪೆರಿಯದ ಕೇಂದ್ರೀಯ ವಿಶ್ವವಿದ್ಯಾನಿಲಯದ ಪ್ರಯೋಗಾಲಯ ಗಂಟಲ ದ್ರವದ ತಪಾಸಣೆಗೆ ಸಜ್ಜಾಯಿತು. ಡಾಕ್ಟರು ಗಾಜಿನ ಗೂಡಿನೊಳಗೆ ನಿಂತು, ಕೈಗವಸು ಮಾತ್ರ ಹೊರಗೆ ಚಾಚಿ ಮಾದರಿ ತೆಗೆಯುವ ಕಿಯೋಸ್ಕ್ ಕಳಮಶ್ಶೇರಿಯ ಮೆಡಿಕಲ್ ಕಾಲೇಜಿನಲ್ಲಿ ತಯಾರಾಗಿ ಬೇರೆ ಕಡೆಗೂ ಹಬ್ಬಿತು. ಪಿಪಿಇ ಕಿಟ್ಟಿಗೆ ಬರಗಾಲವಿದ್ದ ದಿನಗಳವು. ಒಬ್ಬೊಬ್ಬ ರೋಗಿಗೆ ಒಂದೊಂದು ಕಿಟ್ಟು ಎಸೆಯುವ ಖರ್ಚು ಇದರಿಂದ ಉಳಿಯಿತು.

ಮದ್ದಿನ ಸಂಗತಿ ಇನ್ನೂ ಸ್ವಾರಸ್ಯದ್ದು. ಕ್ಯಾನ್ಸರ್ ರೋಗಿಗಳ, ಅಂಗಾಂಗ ಕಸಿ ಮಾಡಿಸಿಕೊಂಡವರ ಮದ್ದು ಹಳ್ಳಿಯ ಮೆಡಿಕಲ್ ಶಾಪಿನಲ್ಲಿ ಸಿಗುವುದಿಲ್ಲ. ಬಸ್ಸಿಲ್ಲ, ರೈಲಿಲ್ಲ. ಅಗ್ನಿಶಾಮಕ ದಳ ಮತ್ತು ಪೊಲೀಸರ ಹೈವೇ ಪಟ್ರೋಲ್ ಗಾಡಿಗಳು ಪೊಟ್ಟಣವನ್ನು ಜಿಲ್ಲೆಯಿಂದ ಜಿಲ್ಲೆಗೆ ಕೈದಾಟಿಸುತ್ತ ತಿರುವನಂತಪುರದಿಂದ ಇಲ್ಲಿಗೆ ಮುಟ್ಟಿಸಿದವು. ಇದರಲ್ಲಿ ಹೊಸ ಯಂತ್ರವಿಲ್ಲ, ಆಪ್ ಇಲ್ಲ. ಇದ್ದ ಗಾಡಿ, ಇದ್ದ ವಯರ್‌ಲೆಸ್, ಇದ್ದ ಸ್ಟೇಶನ್ನು. ಆ ಕಾಲದ ಅತ್ಯುತ್ತಮ ಆವಿಷ್ಕಾರ ಯಾವುದೆಂದು ಕೇಳಿದರೆ ನಾನು ಇದನ್ನೇ ಹೇಳುವವನು.

ಇನ್ನೊಂದು ತಮಾಷೆ ನೋಡಿ. ಬೆಂಗಳೂರಿನ ಬಿಗ್‌ಟೆಕ್ ಪ್ರಯೋಗಾಲಯ ಕ್ಷಯ ರೋಗಕ್ಕೆಂದು ರೂಪಿಸಿ, ಗೋವಾದ ಮೋಲ್‌ಬಯೋ ಕಂಪನಿ ತಯಾರಿಸಿದ ಟ್ರೂನ್ಯಾಟ್ ಯಂತ್ರಕ್ಕೆ 2020ರ ಏಪ್ರಿಲ್‌ನಲ್ಲಿ ಐಸಿಎಂಆರ್ ಕೋವಿಡ್ ತಪಾಸಣೆಗೆ ಅನುಮತಿ ಕೊಟ್ಟಿತು. ಬ್ಯಾಟರಿಯಲ್ಲಿ ಓಡುತ್ತದೆ, ದೊಡ್ಡ ಲ್ಯಾಬು ಬೇಡ, ಸುಮಾರು ಒಂದು ಗಂಟೆಯಲ್ಲಿ ಫಲಿತಾಂಶ. ಮೈಸೂರಿನ ಸ್ಕ್ಯಾನ್‌ರೇ ವಿನ್ಯಾಸದ ವೆಂಟಿಲೇಟರನ್ನು ಬಿಇಎಲ್ 30,000ದ ಲೆಕ್ಕದಲ್ಲಿ ದೇಶಕ್ಕೆಲ್ಲ ತಯಾರಿಸಿತು. ಕರ್ನಾಟಕದ ತಲೆ ಯೋಚಿಸಿದ್ದು ಕೇರಳದ ಸರಕಾರಿ ಆಸ್ಪತ್ರೆಯ ಮೇಜಿನ ಮೇಲೆ ಬಂದು ಕೂತಿತು. ಉಪ್ಪಳದ ಮನುಷ್ಯನಿಗೆ ಮಾತ್ರ ತಲಪಾಡಿ ದಾಟಲು ಚೀಟಿ ಬೇಕಿತ್ತು. 2021ರಲ್ಲಂತೂ 72 ಗಂಟೆಯೊಳಗಿನ ಆರ್‌ಟಿಪಿಸಿಆರ್ ನೆಗೆಟಿವ್ ಇಲ್ಲದಿದ್ದರೆ ಕಾಲೇಜಿಗೆ ಹೋಗುವ ಹುಡುಗಿಯರೂ ಗಡಿಯಲ್ಲೇ ಬಾಕಿ. ಅವರ ಪರ್ಸಿನಲ್ಲಿ ಬಸ್ ಪಾಸಿನ ಜೊತೆ ಮೂಗಿನ ಪರೀಕ್ಷೆಯ ಚೀಟಿಯೂ ಮಡಚಿ ಕೂತಿರುತ್ತಿತ್ತು.

ಅದೇ ವರ್ಷದ ಮೇ ತಿಂಗಳಲ್ಲಿ ಆಕ್ಸಿಜನ್ ಕೈಕೊಟ್ಟಿತು. ನಮ್ಮ ಖಾಸಗಿ ಆಸ್ಪತ್ರೆಗಳ ಸಿಲಿಂಡರು ತುಂಬಿ ಬರುತ್ತಿದ್ದದ್ದು ಮಂಗಳೂರಿನಲ್ಲಿ. ಅಲ್ಲೇ ಹಾಸಿಗೆಗಳಿಗೆ ಸಾಲದಾದಾಗ ನಮಗೆ ಬರುವುದು ನಿಂತಿತು. ಜಿಲ್ಲಾಧಿಕಾರಿ ಡಿ. ಸಜಿತ್ ಬಾಬು ಯಾರ ಬಳಿ ಖಾಲಿ ಸಿಲಿಂಡರಿದ್ದರೂ ಕೊಡಿ ಎಂದು ಊರವರಲ್ಲಿ ಬೇಡಿಕೊಂಡರು. ವೆಲ್ಡಿಂಗ್ ಅಂಗಡಿಯವರಿಗೆಲ್ಲ ಫೋನು ಹೋಯಿತು. ನಮ್ಮ ವಾರ್ಡಿನ ವಾಟ್ಸಾಪ್ ಗುಂಪಿನಲ್ಲಿ ಮಲಯಾಳದಲ್ಲಿ ಬಂದ ಸಂದೇಶವನ್ನು ಆಶಾ ಅಕ್ಕ ಕನ್ನಡದಲ್ಲಿ ಟೈಪು ಮಾಡಿ ಹಾಕಿದರು, ಬರೆಯಲು ಓದಲು ಬಾರದವರಿಗೆ ತುಳುವಿನಲ್ಲಿ ವಾಯ್ಸ್ ಮೆಸೇಜು ಕಳಿಸಿದರು. ಆಮೇಲೆ ಜಿಲ್ಲಾ ಪಂಚಾಯತು ಉಳಿದ ಸ್ಥಳೀಯ ಸಂಸ್ಥೆಗಳ ಪಾಲು ಸೇರಿಸಿಕೊಂಡು ಚಟ್ಟಂಚಾಲಿನಲ್ಲಿ ಸ್ವಂತ ಆಕ್ಸಿಜನ್ ಘಟಕವನ್ನೇ ಕಟ್ಟಿತು. ಗ್ರಾಮ ಪಂಚಾಯತೆಂದರೆ ದಾರಿದೀಪ, ಚರಂಡಿ ಎಂದುಕೊಂಡಿದ್ದವರಿಗೆ ಇದು ಸಣ್ಣ ಸಂಗತಿಯಲ್ಲ.

ದೂರದ ಡಾಕ್ಟರನ್ನು ಫೋನಿನಲ್ಲಿ ತೋರಿಸುವ ಇ-ಸಂಜೀವನಿಯೂ ಕೋವಿಡ್ ಕಾಲದಲ್ಲೇ ಬಂದದ್ದು. ನೆರೆಮನೆಯ ದೊಡ್ಡಮ್ಮನಿಗೆ ಅದನ್ನು ಹಿಡಿದುಕೊಟ್ಟದ್ದು ಅವರ ಮೊಮ್ಮಗ. ಆ ಕಡೆಯಿಂದ ಡಾಕ್ಟರಮ್ಮ, "ಅಮ್ಮೇ, ಮರುನ್ನು ಕಳಿಚ್ಚೋ?" ಎಂದರು.

"ಎಂತ ಹೇಳ್ತಾರೆ ಮಾಣಿ?"

"ಮದ್ದು ತಗೊಂಡ್ರಾ ಕೇಳ್ತಾರೆ ಅಜ್ಜಿ."

"ತಗೊಳ್ಳಿಕ್ಕೆ ಮದ್ದೆಲ್ಲುಂಟು? ಅದು ಮಂಗಳೂರಿನ ಡಾಕ್ಟ್ರು ಬರೆದದ್ದಲ್ವಾ, ಇಲ್ಲಿ ಸಿಕ್ಕುದಿಲ್ಲ ಹೇಳು."

ಹುಡುಗ ಅದನ್ನು ಮಲಯಾಳಕ್ಕೆ ತಿರುಗಿಸಿ ಹೇಳಿದ. ಮಂಗಳೂರಿನ ಚೀಟಿಯನ್ನು ಕ್ಯಾಮರಾದ ಎದುರು ಹಿಡಿದ. ಡಾಕ್ಟರಮ್ಮ ನೋಡಿ ಅದೇ ಬಗೆಯ ಬೇರೆ ಕಂಪನಿಯ ಮಾತ್ರೆ ಬರೆದುಕೊಟ್ಟರು, ದೊಡ್ಡಮ್ಮನಿಗೆ ಬಿಪಿ ಹತೋಟಿಗೆ ಬಂತು. ತಂತ್ರಜ್ಞಾನದ ಹೊಗಳಿಕೆಯಲ್ಲಿ ಈ ಮೊಮ್ಮಕ್ಕಳ ಹೆಸರು ಬರುವುದಿಲ್ಲ. ಗಡಿಯ ಮನೆಗಳಲ್ಲಿ ಇಂಥವರೊಬ್ಬರು ಇಲ್ಲದಿದ್ದರೆ ಆ ಸೌಲಭ್ಯ ಬರೀ ತೆರೆಯ ಮೇಲಿನ ಮುಖ.

ತೆಂಕಿನ ನೆರವನ್ನು ನಾನು ಕಡಿಮೆ ಮಾಡುತ್ತಿಲ್ಲ. ಆದರೆ ಅದು ಬಿಕ್ಕಟ್ಟಿಗೆ ಹುಟ್ಟಿದ ಜಾಲ, ಬಿಕ್ಕಟ್ಟು ಇಳಿದಂತೆ ಸಡಿಲವಾಯಿತು. ತೆಕ್ಕಿಲ್‌ನಲ್ಲಿ ಟಾಟಾ ಸಂಸ್ಥೆ ಕಂಟೇನರು ಜೋಡಿಸಿ ಐನೂರಕ್ಕೂ ಹೆಚ್ಚು ಹಾಸಿಗೆಗಳ ಕೋವಿಡ್ ಆಸ್ಪತ್ರೆ ಕಟ್ಟಿ 2020ರ ಸೆಪ್ಟೆಂಬರಿನಲ್ಲಿ ಒಪ್ಪಿಸಿತ್ತು. ಸೋಂಕು ತಗ್ಗಿದ ಮೇಲೆ ಅಲ್ಲಿನ ಸಿಬ್ಬಂದಿ ಬೇರೆ ಕಡೆಗೆ ಹೋದರು. ನಾವು ಮತ್ತೆ ಮಂಗಳೂರಿನ ಬಸ್ಸು ಹತ್ತಿದೆವು. ಕಾಸರಗೋಡು ಮತ್ತು ದಕ್ಷಿಣ ಕನ್ನಡದ ಆರೋಗ್ಯಾಧಿಕಾರಿಗಳು ಕಾಯಂ ಆಗಿ ಕೂತು ಮಾತಾಡುವ ಸಮಿತಿ ಬೇಕು. ಆಕ್ಸಿಜನ್ ಎಷ್ಟಿದೆ, ಐಸಿಯು ಎಲ್ಲಿ ಖಾಲಿ, ಯಾವ ರೋಗಿಯನ್ನು ಯಾವ ಆಂಬುಲೆನ್ಸಿನಲ್ಲಿ ಎಲ್ಲಿಯವರೆಗೆ ಎಂಬುದು ಮೊದಲೇ ಬರೆದಿಟ್ಟಿರಬೇಕು. 2020ರ ಏಪ್ರಿಲ್‌ನ ಒಪ್ಪಂದದಲ್ಲಿ ಇದರ ಒಂದು ಮೊಳಕೆ ಇತ್ತು, ಕೋರ್ಟಿನ ಒತ್ತಡಕ್ಕೆ ಆದದ್ದು ನಿಜ. ಇನ್ನೊಮ್ಮೆ ಬೇಕಾದಾಗ ಮತ್ತೆ ದೆಹಲಿಯವರೆಗೆ ಹೋಗುವುದೆಂದರೆ ರೋಗಿಗೆ ಅಷ್ಟು ಪುರುಸೊತ್ತು ಇರುವುದಿಲ್ಲ ಮಾರಾಯ್ರೆ.